ಅಪ್ಪನ ಲೆಕ್ಕ

ಪ್ರೀತಿಯ ಮಕ್ಕಳೇ, ಅವರ ಪಕ್ಕದಲ್ಲಿ ಕೂತು ಓದಿಸಿಕೊಳ್ಳುತ್ತಿರುವ ಅಜ್ಜ ಅಜ್ಜಿಯರೇ,

ಈ ವಾರದ ಜಗಲಿ ಮಾತು ಸ್ವಲ್ಪ ಭಾರದ್ದು. ಕಥೆ ಹೇಳುವ ತಾತ ಇವತ್ತೇಕೆ ಕೋರ್ಟು ಕಚೇರಿಯ ಮಾತೆತ್ತಿದ ಎಂದು ಬೇಸರಪಡಬೇಡಿ. ನಾನು ಮೂವತ್ತು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಕಡತ ಕಟ್ಟಿದವನು. ಅಲ್ಲಿ ಕಂಡದ್ದು ಈಚೆಗೆ ಒಂದು ಮನೆಯ ಉಪಯೋಗಕ್ಕೆ ಬಂತು. ನಿಮಗೂ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಹಿಂದಿನ ಬೀದಿಯಲ್ಲಿ ಏಳನೇ ತರಗತಿಯ ಹುಡುಗನೊಬ್ಬನಿದ್ದಾನೆ. ಅವನಪ್ಪ ಗಾರೆ ಕೆಲಸದವರು. ವಯಸ್ಸು 34. ಒಂದು ಸಂಜೆ ಕೆಲಸ ಮುಗಿಸಿ, ಹೆಲ್ಮೆಟ್ ಹಾಕಿಕೊಂಡು, ಬೈಕಿನಲ್ಲಿ ಬರುತ್ತಿದ್ದರು. ಜಲ್ಲಿ ತುಂಬಿದ ಟಿಪ್ಪರ್ ಲಾರಿಯೊಂದು ತಪ್ಪು ಬದಿಗೆ ನುಗ್ಗಿ ಗುದ್ದಿತು. ಅಪ್ಪ ಮನೆಗೆ ಬರಲಿಲ್ಲ. ಈಗ ಆ ಮನೆಯಲ್ಲಿ ಇರುವವರು ಅಮ್ಮ, ಅಜ್ಜಿ, ಹುಡುಗ, ಅವನ ಪುಟ್ಟ ತಂಗಿ.

ತಿಥಿ ಕಳೆದ ಮೂರನೇ ದಿನ ಅಜ್ಜಿ ಮೊಮ್ಮಗನ ಕೈ ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಸೆರಗಿನೊಳಗಿಂದ ಒಂದು ಛಾಪಾ ಕಾಗದ ತೆಗೆದರು.

"ಅಣ್ಣಾ, ಲಾರಿ ಯಜಮಾನರ ಕಡೆಯೋರು ಬಂದಿದ್ರು. ಕಾರ್ಯದ ಖರ್ಚಿಗೆ ಇಟ್ಕೊಳ್ಳಿ ಅಂತ 50,000 ರೂಪಾಯಿ ಕೊಡ್ತಾರಂತೆ. ಇದಕ್ಕೆ ಸೊಸೆ ಕೈಲಿ ಸೈನು, ನನ್ನ ಹೆಬ್ಬೆಟ್ಟು ಬೇಕಂತೆ. ಹಾಕ್ಲಾ?"

ಕಾಗದ ನೋಡಿದೆ. ಮೇಲೆ ಮುದ್ರೆ ಇತ್ತು. ಕೆಳಗೆ ಒಂದಕ್ಷರವೂ ಇರಲಿಲ್ಲ, ಪೂರಾ ಖಾಲಿ.

"ಬೇಡ ಅಕ್ಕಾ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಹಾಕಿದರೆ ನಾಳೆ ಅದರ ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ತಪ್ಪು ನಿಮ್ಮ ಮಗನದೇ ಆಗಿತ್ತು ಅಂತಲೂ ಬರೆಯಬಹುದು, ನಮಗೆ ಬರಬೇಕಾದ್ದೆಲ್ಲ ಬಂತು ಅಂತಲೂ ಬರೆಯಬಹುದು."

"ಹಾಗಾದ್ರೆ ಕೇಸು ಹಾಕ್ಬೇಕಾ? ಮಗನ ಹೆಣದ ಮೇಲಿನ ದುಡ್ಡು ತಿನ್ನೋದಾ ಅಣ್ಣಾ? ಆ ಡ್ರೈವರ್‌ಗೂ ಹೆಂಡ್ತಿ ಮಕ್ಕಳಿದಾರೆ. ಅವರ ಶಾಪ ನಮಗ್ಯಾಕೆ?"

ಮಕ್ಕಳೇ, ನನ್ನ ಮೂವತ್ತು ವರ್ಷದಲ್ಲಿ ಈ ಮಾತನ್ನು ಎಷ್ಟು ಅಜ್ಜಿಯರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಒಳ್ಳೆಯ ಮನಸ್ಸಿನವರು ಆಡುವ ಮಾತು ಇದು. ಆದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ.

ರಸ್ತೆಗಿಳಿಯುವ ಪ್ರತಿಯೊಂದು ವಾಹನಕ್ಕೂ ವಿಮೆ ಇರಲೇಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅದು ವಾಹನ ಕೆಟ್ಟರೆ ರಿಪೇರಿ ಮಾಡಿಸಲು ಇರುವ ವಿಮೆಯಲ್ಲ. ಆ ವಾಹನದಿಂದ ಬೇರೆಯವರ ಜೀವಕ್ಕೆ ಹಾನಿಯಾದರೆ ಅವರ ಮನೆಯವರಿಗೆ ಪರಿಹಾರ ಸಿಗಲಿ ಎಂದು ಇರುವ ವಿಮೆ. ಯಜಮಾನರು ವರ್ಷ ವರ್ಷ ಅದಕ್ಕೆ ಹಣ ಕಟ್ಟುತ್ತಾರೆ. ಆದ್ದರಿಂದ ವಿಮೆ ಸರಿಯಾಗಿದ್ದರೆ ಪರಿಹಾರ ಕೊಡುವುದು ವಿಮಾ ಕಂಪನಿ. ಡ್ರೈವರ್ ಮಕ್ಕಳ ತಟ್ಟೆಯ ಅನ್ನವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಡ್ರೈವರ್ ಮೇಲೆ ಪೊಲೀಸರು ಹಾಕುವ ಮೊಕದ್ದಮೆ ಬೇರೆ, ಅದು ತಪ್ಪಿಗೆ ಶಿಕ್ಷೆಯ ವಿಚಾರ. ಮನೆಯವರು ಕೇಳುವ ಪರಿಹಾರದ ಅರ್ಜಿ ಬೇರೆ.

ಇಷ್ಟು ಹೇಳಿದಾಗ ಅಜ್ಜಿ ಸುಮ್ಮನಾದರು. ಅಷ್ಟು ಹೊತ್ತು ಕಂಬಕ್ಕೊರಗಿ ನಿಂತಿದ್ದ ಹುಡುಗ ಬಾಯಿಬಿಟ್ಟ.

"ತಾತ, ಎಷ್ಟು ಕೊಡ್ತಾರೆ ಅಂತ ಯಾರು ಹೇಳ್ತಾರೆ?"

"ಅದಕ್ಕೊಂದು ಲೆಕ್ಕ ಇದೆ ಮಗಾ. ಶೇಕಡಾ, ಭಿನ್ನರಾಶಿ ಬರುತ್ತೆ ತಾನೆ? ಹಾಗಾದರೆ ನೀನೇ ಮಾಡು."

ಸ್ಲೇಟಿನಷ್ಟು ದೊಡ್ಡ ಹಾಳೆಯೊಂದನ್ನು ಕೊಟ್ಟೆ. ಈ ಲೆಕ್ಕದ ದಾರಿಯನ್ನು ಹಾಕಿಕೊಟ್ಟದ್ದು ಸುಪ್ರೀಂ ಕೋರ್ಟು. 2009ರಲ್ಲಿ ಸರಳಾ ವರ್ಮ ಪ್ರಕರಣದಲ್ಲಿ, ಆಮೇಲೆ 2017ರಲ್ಲಿ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ. ಒಂದೇ ಬಗೆಯ ಸಾವಿಗೆ ಒಂದು ಊರಿನಲ್ಲಿ ಹೆಚ್ಚು, ಇನ್ನೊಂದು ಊರಿನಲ್ಲಿ ಕಡಿಮೆ ಸಿಗಬಾರದು ಎಂಬುದು ಅದರ ಉದ್ದೇಶ.

ಅಪ್ಪನ ಸಂಪಾದನೆ ತಿಂಗಳಿಗೆ ಸುಮಾರು 15,000 ರೂಪಾಯಿ ಇತ್ತು. ಬದುಕಿದ್ದರೆ ಮುಂದೆ ಕೂಲಿ ಏರುತ್ತಿತ್ತಲ್ಲವೇ? 40 ವರ್ಷದೊಳಗಿನ, ಕಾಯಂ ನೌಕರಿ ಇಲ್ಲದವರಿಗೆ ಅದಕ್ಕಾಗಿ ಶೇಕಡಾ 40 ಸೇರಿಸುತ್ತಾರೆ. 21,000 ಆಯಿತು. ವರ್ಷಕ್ಕೆ 2,52,000. ಅದರಲ್ಲಿ ಅಪ್ಪ ತನ್ನ ಊಟ, ಬಟ್ಟೆ, ಓಡಾಟಕ್ಕೆ ಖರ್ಚು ಮಾಡುತ್ತಿದ್ದ ಪಾಲನ್ನು ಕಳೆಯಬೇಕು. ಅವರನ್ನು ನೆಚ್ಚಿಕೊಂಡಿದ್ದವರು ನಾಲ್ಕರಿಂದ ಆರು ಜನ ಇದ್ದರೆ ನಾಲ್ಕನೇ ಒಂದು ಭಾಗ ಕಳೆಯುತ್ತಾರೆ. ಇವರ ಮನೆಯಲ್ಲಿ ನಾಲ್ವರು. 63,000 ಕಳೆದರೆ ಉಳಿದದ್ದು 1,89,000. ಇದನ್ನು ಅಪ್ಪನ ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸಬೇಕು. 31ರಿಂದ 35 ವರ್ಷದವರಿಗೆ ಆ ಸಂಖ್ಯೆ 16. ವಯಸ್ಸು ಹೆಚ್ಚಿದಂತೆ ಅದು ಇಳಿಯುತ್ತಾ ಹೋಗುತ್ತದೆ.

ಹುಡುಗ ಬೆರಳು ಮಡಿಸುತ್ತಾ ಗುಣಿಸಿದ. 30,24,000 ಬಂತು. ಇದಲ್ಲದೆ ಅಂತ್ಯಕ್ರಿಯೆಗೆ 15,000, ಆಸ್ತಿನಷ್ಟಕ್ಕೆ 15,000, ಪ್ರೀತಿಯ ಆಸರೆ ತಪ್ಪಿದ್ದಕ್ಕೆ 40,000 ಎಂದು 2017ರ ತೀರ್ಪು ಹೇಳಿತು. ಮೂರು ವರ್ಷಕ್ಕೊಮ್ಮೆ ಈ ಮೂರೂ ಮೊತ್ತ ಶೇಕಡಾ 10ರಷ್ಟು ಏರಬೇಕೆಂದೂ ಹೇಳಿತು. ಆ ಕೊನೆಯ ಮೊತ್ತ ಗಂಡ ಹೆಂಡಿರಿಗೆ ಮಾತ್ರವಲ್ಲ, ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳಿಗೂ ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿಗೂ ಸಲ್ಲುತ್ತದೆ ಎಂದು 2018ರಲ್ಲಿ ಅದೇ ಕೋರ್ಟು ಹೇಳಿದೆ.

ಹುಡುಗ ಹಾಳೆಯನ್ನೇ ನೋಡುತ್ತಾ ಕೂತ. ಆಮೇಲೆ ಕೇಳಿದ, "ಅಂದ್ರೆ ನಮ್ಮಪ್ಪನ ಬೆಲೆ ಇದಾ ತಾತ?"

ಅಜ್ಜಿ ಸೆರಗು ಬಾಯಿಗೆ ಹಿಡಿದರು.

ನಾನು ಹಾಳೆಯನ್ನು ಅವನ ಕಡೆಗೆ ತಿರುಗಿಸಿದೆ. "ಮಗಾ, ಒಂದೊಂದು ಸಾಲೂ ಓದು. ನಿಮ್ಮಪ್ಪ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ್ದು ಯಾವ ಸಾಲಿನಲ್ಲಿದೆ? ತಂಗಿಗೆ ಜ್ವರ ಬಂದ ರಾತ್ರಿ ನಿದ್ದೆಗೆಟ್ಟದ್ದು?"

"ಇಲ್ಲ."

"ಇಲ್ಲ ತಾನೆ? ಯಾಕೆಂದರೆ ಇದು ಅಪ್ಪನ ಬೆಲೆ ಅಲ್ಲ. ಅಪ್ಪ ಇದ್ದಿದ್ದರೆ ದುಡಿದು ನಿಮ್ಮ ಮನೆಗೆ ತಂದುಹಾಕುತ್ತಿದ್ದ ಅಕ್ಕಿ, ಬೇಳೆ, ಫೀಸು, ಅಜ್ಜಿಯ ಮಾತ್ರೆ, ಇವುಗಳ ಲೆಕ್ಕ. ಅದು ನಿಮಗೆ ಬರಬೇಕಾಗಿದ್ದದ್ದು. ಬೇರೆಯವರ ತಪ್ಪಿನಿಂದ ನಿಂತುಹೋಯಿತು. ಅದನ್ನು ಕೇಳುವುದು ಭಿಕ್ಷೆಯೂ ಅಲ್ಲ, ಪಾಪವೂ ಅಲ್ಲ. ಅಪ್ಪನ ದುಡಿಮೆಯನ್ನು ಅಪ್ಪನ ಮನೆಗೆ ತರುವ ಕೆಲಸ."

ಅಜ್ಜಿ ಆ ಛಾಪಾ ಕಾಗದವನ್ನು ನಾಲ್ಕಾಗಿ ಮಡಚಿ, "ಇದನ್ನ ವಾಪಸ್ ಕೊಟ್ಟುಬಿಡ್ತೀನಿ" ಅಂದರು.

ಆಮೇಲಿನದು ಓಡಾಟ. ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಜಿಲ್ಲೆಗಳಲ್ಲಿ ಇದು ಕೋರ್ಟಿನ ಆವರಣದಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದವರು ಈ ಕೆಲಸ ನೋಡುತ್ತಾರೆ. ಅಪಘಾತ ದೂರದ ಊರಿನಲ್ಲಿ ಆಗಿದ್ದರೂ ಮನೆಯವರು ತಾವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಅಪಘಾತವಾದ 6 ತಿಂಗಳೊಳಗೆ ಹಾಕಬೇಕು ಎಂಬ ನಿಯಮ 2022ರ ಏಪ್ರಿಲ್ 1ರಿಂದ ಬಂದಿದೆ. ಆದ್ದರಿಂದ ವರ್ಷಾಬ್ದಿಕ ಮುಗಿಯಲಿ, ಆಮೇಲೆ ನೋಡೋಣ ಎಂದು ಕೂರಬೇಡಿ. ಅವಧಿ ದಾಟಿದೆ ಎಂದು ಯಾರೋ ಹೇಳಿದರೆಂದು ಕೈ ಚೆಲ್ಲಲೂ ಬೇಡಿ, ವಕೀಲರನ್ನು ಕೇಳಿ.

ಬೇಕಾದ ಕಾಗದಗಳು ಇವು: ಎಫ್‌ಐಆರ್, ಸ್ಥಳ ಮಹಜರು ಮತ್ತು ನಕ್ಷೆ, ದೋಷಾರೋಪ ಪಟ್ಟಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಗುದ್ದಿದ ವಾಹನದ ಆರ್‌ಸಿ ಮತ್ತು ವಿಮೆಯ ನಕಲು, ಮನೆಯವರ ಆಧಾರ್ ಮತ್ತು ಪಡಿತರ ಚೀಟಿ, ತೀರಿಕೊಂಡವರ ವಯಸ್ಸು ಮತ್ತು ಸಂಪಾದನೆಯ ದಾಖಲೆ.

ಸಂಪಾದನೆಯ ದಾಖಲೆ ಎಂದಾಗ ಆ ಮನೆಯವರು ಮುಖ ಮುಖ ನೋಡಿಕೊಂಡರು. ಗಾರೆಯವರಿಗೆ ಸಂಬಳದ ಚೀಟಿ ಯಾರು ಕೊಡುತ್ತಾರೆ? ದಾಖಲೆ ಇಲ್ಲವೆಂದು ಅರ್ಜಿ ಬಿದ್ದುಹೋಗುವುದಿಲ್ಲ, ನ್ಯಾಯಮಂಡಳಿಯೇ ಒಂದು ಅಂದಾಜು ಹಾಕುತ್ತದೆ. ಆದರೆ ದಾಖಲೆ ಇದ್ದರೆ ಅನುಕೂಲ. ಮಾರನೆಯ ದಿನ ಹುಡುಗ ಒಂದು ಪುಟ್ಟ ನೋಟುಬುಕ್ಕು ತಂದ. ಅಪ್ಪ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದದ್ದು. ಸಿಮೆಂಟಿನ ಕಲೆಯಾದ ಹಾಳೆಗಳ ಮೇಲೆ ಪೆನ್ಸಿಲಿನಲ್ಲಿ ತಾರೀಖು, ಯಾರ ಮನೆ ಕೆಲಸ, ಎಷ್ಟು ಕೂಲಿ ಎಂದು ಎರಡು ವರ್ಷದ ಲೆಕ್ಕ. ಮೇಸ್ತ್ರಿಯವರೂ ಸಾಕ್ಷಿ ಹೇಳಲು ಒಪ್ಪಿದರು.

ವಕೀಲರ ಫೀಸಿನ ಚಿಂತೆ ಅಜ್ಜಿಗೆ. ಹೆಂಗಸರಿಗೂ ಮಕ್ಕಳಿಗೂ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ. ಜಿಲ್ಲಾ ಪ್ರಾಧಿಕಾರದ ಕಚೇರಿಗೆ ಹೋಗಿ ಒಂದು ಅರ್ಜಿ ಕೊಟ್ಟರೆ ವಕೀಲರನ್ನು ಕೊಡುತ್ತಾರೆ. 15100 ಎಂಬ ಸಹಾಯವಾಣಿಗೂ ಫೋನು ಮಾಡಬಹುದು. ಬರುವ ಹಣದಲ್ಲಿ ಅರ್ಧ ನನಗೆ, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಎಂದು ಆಸ್ಪತ್ರೆ ಬಾಗಿಲಲ್ಲೇ ಬಂದು ಹಿಡಿಯುವವರಿದ್ದಾರೆ. ಅವರಿಂದ ದೂರವಿರಿ.

ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಹಣ ಬೇಗ ಬರುತ್ತದೆ. ಆದರೆ ಅಲ್ಲಿ ಒಪ್ಪಿದ ಮೇಲೆ ಮೇಲ್ಮನವಿ ಇಲ್ಲ. ಆದ್ದರಿಂದ ಮೊದಲು ಮನೆಯಲ್ಲಿ ಹಾಳೆ ಹಿಡಿದು ಲೆಕ್ಕ ಮಾಡಿ, ಆಮೇಲೆ ತಲೆಯಾಡಿಸಿ. ಮಕ್ಕಳ ಪಾಲಿನ ಹಣವನ್ನು ಸಾಮಾನ್ಯವಾಗಿ ಅವರಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ ಇಡಿಸುತ್ತಾರೆ. ಹಣ ನೋಡಿ ಹತ್ತಿರವಾಗುವ ನೆಂಟರಿಂದ ಅದು ಒಳ್ಳೆಯ ಕಾವಲು.

ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ? ಆಗಲೂ ದಾರಿಯಿದೆ. ಅಂಥ ಸಾವಿಗೆ ಸರ್ಕಾರದ ಯೋಜನೆಯಲ್ಲಿ 2,00,000 ರೂಪಾಯಿ ಸಿಗುತ್ತದೆ. ಅದಕ್ಕೂ ಪೊಲೀಸರಲ್ಲಿ ದೂರು ದಾಖಲಾಗಿರಬೇಕು.

ಇನ್ನೊಂದು ಮಾತು ಮನೆಯಲ್ಲಿರುವ ಅಮ್ಮಂದಿರ ಬಗ್ಗೆ. "ಅಮ್ಮ ಏನೂ ಕೆಲಸಕ್ಕೆ ಹೋಗಲ್ಲ, ಮನೇಲೇ ಇರ್ತಾಳೆ" ಎಂದು ನಾವು ಹೇಳುವುದುಂಟು. ಜಮ್ಶೆಡ್‌ಪುರದಲ್ಲಿ 1989ರಲ್ಲಿ ನಡೆದ ಬೆಂಕಿ ದುರಂತದ ಪ್ರಕರಣದಲ್ಲಿ, 2001ರಲ್ಲಿ ಸುಪ್ರೀಂ ಕೋರ್ಟು ಗೃಹಿಣಿಯರ ಕೆಲಸಕ್ಕೆ ತಿಂಗಳಿಗೆ 3,000 ರೂಪಾಯಿ ಎಂದು ಲೆಕ್ಕ ಹಿಡಿಯಿತು. 2021ರಲ್ಲಿ ಇನ್ನೊಂದು ತೀರ್ಪಿನಲ್ಲಿ, ಗೃಹಿಣಿಯ ದುಡಿಮೆಗೂ ಆದಾಯ ಕಟ್ಟಬೇಕು, ಮುಂದಿನ ಏರಿಕೆಯನ್ನೂ ಸೇರಿಸಬೇಕು ಎಂದಿತು. ಅಮ್ಮನ ಬೆಳಗಿನ ಐದು ಗಂಟೆಯ ಒಲೆಗೂ ಕೋರ್ಟಿನಲ್ಲಿ ಲೆಕ್ಕ ಇದೆ. ಮನೆಯಲ್ಲಿ ಎಷ್ಟಿದೆ, ನೀವೇ ನೋಡಿಕೊಳ್ಳಿ.

ಅರ್ಜಿ ಸಲ್ಲಿಸುವ ದಿನ ಹುಡುಗ ನೋಟುಬುಕ್ಕನ್ನು ಕೊಡಲು ಹಿಂದೆಮುಂದೆ ನೋಡಿದ. "ಅದು ಅಪ್ಪನ ಅಕ್ಷರ ತಾತ. ಕೋರ್ಟಿನೋರು ಇಟ್ಕೊಂಡುಬಿಟ್ರೆ?"

ನಾನು ಅವನನ್ನು ಜೆರಾಕ್ಸ್ ಅಂಗಡಿಗೆ ಕರೆದುಕೊಂಡು ಹೋದೆ. ಒಂದು ಪುಟವೂ ಬಿಡದೆ ಎರಡು ಪ್ರತಿ ಮಾಡಿಸಿದೆವು. ಮೊಕದ್ದಮೆ ಪೂರ್ತಿ ಮುಗಿದ ಮೇಲೆ ಅರ್ಜಿ ಕೊಟ್ಟು ಮೂಲ ದಾಖಲೆ ವಾಪಸು ಪಡೆಯಬಹುದು ಎಂದೂ ಹೇಳಿದೆ. ಆಗ ಕೊಟ್ಟ.

ಅರ್ಜಿ ಹೋಗಿ ನಾಲ್ಕು ತಿಂಗಳಾಯಿತು. ಇನ್ನೂ ಮುಗಿದಿಲ್ಲ, ಮುಗಿಯಲು ಸಮಯ ಬೇಕು. ಹುಡುಗ ಭಾನುವಾರ ಭಾನುವಾರ ಬಂದು ವಾಯಿದೆ ಯಾವತ್ತು ಎಂದು ನನ್ನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹೋಗುತ್ತಾನೆ.

ಈ ವಾರದ ಮನೆಗೆಲಸ: ಮಕ್ಕಳೇ, ನಿಮ್ಮ ಮನೆಯ ಸ್ಕೂಟರಿನದೋ ಕಾರಿನದೋ ವಿಮೆ ಯಾವ ತಾರೀಖಿಗೆ ಮುಗಿಯುತ್ತದೆ ನೋಡಿ, ಕ್ಯಾಲೆಂಡರಿನಲ್ಲಿ ಬರೆಯಿರಿ. ವಿಮೆ ಇಲ್ಲದ ಗಾಡಿಯಿಂದ ಯಾರಿಗಾದರೂ ಆಪತ್ತಾದರೆ ಪರಿಹಾರ ಕೊಡುವ ಹೊಣೆ ಮಾಲೀಕರ ತಲೆಯ ಮೇಲೇ ಬರುತ್ತದೆ. ಅಜ್ಜ ಅಜ್ಜಿಯರೇ, ಮನೆಯ ಕಾಗದಪತ್ರ ಯಾವ ಪೆಟ್ಟಿಗೆಯಲ್ಲಿದೆ ಎಂದು ಮಕ್ಕಳಿಗೆ ತೋರಿಸಿಡಿ. ಖಾಲಿ ಕಾಗದಕ್ಕೆ ಮಾತ್ರ, ಯಾರು ಬಂದು ಎಷ್ಟು ನಯವಾಗಿ ಕೇಳಿದರೂ, ಹೆಬ್ಬೆಟ್ಟು ಕೊಡಬೇಡಿ.

ಮುಂದಿನ ವಾರ ಕಥೆಯೊಂದಿಗೆ ಸಿಗೋಣ.