ಐವರು ಸಹೋದರಿಯರ ಪಾಲು



ಯೆಹೋಶುವನ ಗ್ರಂಥದಲ್ಲಿ ಸೀಮೆಗಳ ಹಂಚಿಕೆಯನ್ನು ಹೇಳುವ ಅಧ್ಯಾಯಗಳನ್ನು ನಮ್ಮಲ್ಲನೇಕರು ಓದದೆ ದಾಟಿಬಿಡುವರು. ಆದರೆ ದೇವರು ಕೊಟ್ಟ ಮಾತನ್ನು ನಡಿಸುವ ಬಗೆಯು ಅಲ್ಲಿಯೇ ಕಾಣಬರುತ್ತದೆ.

ಗಂಡುಸಂತಾನವಿಲ್ಲದೆ ಅರಣ್ಯದಲ್ಲಿ ತೀರಿಕೊಂಡ ಚಲ್ಪಹಾದನಿಗೆ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳಿದ್ದರು. ಇವರು ಮೋಶೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಲು, ಅವರ ಮಾತು ನ್ಯಾಯವೆಂದು ದೇವರೇ ತೀರ್ಪಿತ್ತನು (ಅರಣ್ಯಕಾಂಡ 27). ಆಗ ಕಾನಾನಿನಲ್ಲಿ ಇಸ್ರಾಯೇಲ್ಯರಿಗೆ ಗೇಣು ನೆಲವೂ ವಶವಾಗಿರಲಿಲ್ಲ. ಬಳಿಕ ಮೋಶೆಯು ಮೃತನಾದನು, ಜನರು ಯೊರ್ದನನ್ನು ದಾಟಿದರು, ಯುದ್ಧಗಳು ನಡೆದವು. ಕೊಟ್ಟ ಮಾತು ಮಾತ್ರ ಸಾಯಲಿಲ್ಲ. ಆ ಸಹೋದರಿಯರು ಯೆಹೋಶುವನ ಬಳಿಗೆ ಬಂದು ಅದನ್ನು ನೆನಪಿಗೆ ತಂದರು. ತಮ್ಮ ಪಾಲನ್ನು ಹೊಂದಿದರು (ಯೆಹೋಶುವ 17).

ವಾಗ್ದಾನವನ್ನು ನಂಬುವುದೆಂದರೆ ಸುಮ್ಮನೆ ಕಾದಿರುವುದಲ್ಲ, ಅದನ್ನು ಹಿಡಿದು ಕೇಳುವುದೂ ಹೌದೆಂದು ನನ್ನ ಅಭಿಪ್ರಾಯ. ಮರಣಶಾಸನವಿಲ್ಲದಲ್ಲಿ ಕ್ರೈಸ್ತ ಮನೆಯ ಮಗನಿಗೂ ಮಗಳಿಗೂ ಸಮಪಾಲೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ವಿಧಿಸುತ್ತದೆ. ಆದರೂ ಮದುವೆಯಾದ ಮಗಳಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸುವ ಮನೆಗಳುಂಟು. ಮಾತಿಗೆ ತಪ್ಪದ ದೇವರನ್ನು ಆರಾಧಿಸುವ ನಾವು, ಆತನು ನ್ಯಾಯವೆಂದ ಪಾಲನ್ನು ತಡೆಹಿಡಿಯುವುದು ತರವೇ?