ಅಂಗನವಾಡಿ ಟೀಚರ್ ಅಡುಗೆಯನ್ನೂ ಕಲಿಸಬೇಕೇ?

ಸೆಪ್ಟೆಂಬರ್ ಬಂತೆಂದರೆ ಮಂಗಳೂರಿನ ಅಂಗನವಾಡಿಗಳಲ್ಲಿ ಪೌಷ್ಟಿಕ ಆಹಾರದ ಅರಿವು ಮೂಡಿಸುವ ಪೋಷಣ್ ಮಾಸದ ಗಡಿಬಿಡಿ. ನುಗ್ಗೆಸೊಪ್ಪಿನ ಪಲ್ಯ, ರಾಗಿ ಮಣ್ಣಿ, ಪತ್ರೊಡೆ, ಮೊಳಕೆ ಬರಿಸಿದ ಹೆಸರು ಎಲ್ಲವೂ ಮೇಜಿನ ಮೇಲೆ ಸಾಲಾಗಿ ಬರುತ್ತವೆ. ಇದು ಪ್ರದರ್ಶನ. ತಾಯಂದಿರ ಕೈಯಲ್ಲೇ ಸೌಟು ಕೊಟ್ಟು ಮಾಡಿಸುವ ತರಗತಿ ಬೇರೆ. ಅದನ್ನು ನಡೆಸಲು ಅಂಗನವಾಡಿ ಟೀಚರಿಗೆ, ಆಶಾ ಕಾರ್ಯಕರ್ತೆಗೆ ತರಬೇತಿ ಕೊಡಬೇಕೇ ಎಂಬ ಪ್ರಶ್ನೆಗೆ ಎರಡೂ ಕಡೆ ಗಟ್ಟಿ ವಾದಗಳಿವೆ.

ಬೇಕು ಎನ್ನುವವರು ಮೊದಲು ಅಂಕಿ ತೋರಿಸುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ರಕ್ತಹೀನತೆ 2015-16ರಲ್ಲಿ ಶೇ. 44.8 ಇತ್ತು, 2019-21ರಲ್ಲಿ ಶೇ. 47.8ಕ್ಕೆ ಏರಿತು. ಕಬ್ಬಿಣದ ಮಾತ್ರೆ ಹಂಚುವುದಂತೂ ನಡೆದೇ ಇತ್ತು. ಹಾಗಾದರೆ ತಟ್ಟೆಯ ಕಡೆಗೂ ನೋಡಬೇಡವೇ? ಆಸ್ಪತ್ರೆಯ ಚೀಟಿಯಲ್ಲಿ ‘ಹಾಲು, ಹಣ್ಣು, ತರಕಾರಿ’ ಎಂದಷ್ಟೇ ಇರುತ್ತದೆ. ಮೀನುಗಾರರ ಊರಾದ ಬೆಂಗ್ರೆಯ ಮನೆಗಳನ್ನು ಬಲ್ಲ ಕಾರ್ಯಕರ್ತೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಿಗೆ ಕೂತು, ಬಂಗುಡೆ ದುಬಾರಿಯಾದರೆ ಬೂತಾಯಿ ಸಾಕು ಎನ್ನಬಲ್ಲಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು ಮೀನು ಕೈಗೆಟುಕದಾಗ ಹುರುಳಿ ಸಾರು, ಹಲಸಿನ ಬೀಜ, ಮೊಟ್ಟೆಗೆ ಹೊರಳಬಲ್ಲಳು. ಸೊಪ್ಪು ಬೇಯಿಸಿದ ನೀರು ಚೆಲ್ಲಬೇಡಿ, ಪಲ್ಯಕ್ಕೆ ಲಿಂಬೆ ಹಿಂಡಿ, ಊಟದ ಜೊತೆ ಚಹಾ ಕುಡಿಯಬೇಡಿ ಎಂಬ ಮಾತುಗಳು ಒಲೆಯ ಪಕ್ಕದಲ್ಲಿ ನಿಂತು ಹೇಳಿದರೆ ನಾಟುತ್ತವೆ.

ಬೇಡ ಎನ್ನುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಶುರುವಾದಾಗಿನಿಂದ ಅಂಗನವಾಡಿಗೆ ಕೆಲಸ ಸೇರುತ್ತಲೇ ಬಂದಿದೆ: ಮಕ್ಕಳ ಪಾಠ, ತೂಕ, ಪೋಷಣ್ ಟ್ರ್ಯಾಕರ್ ಆ್ಯಪ್, ಸಮೀಕ್ಷೆ. ಸಿಗುವುದು ಸಂಬಳವಲ್ಲ, ಗೌರವಧನ. ಗ್ರಾಚ್ಯುಟಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 2022 ಬಂತು. ಇನ್ನು ಕಾರ್ಯಕರ್ತೆ ‘ನಮ್ಮವಳು’ ಎಂಬುದಕ್ಕೆ ಇನ್ನೊಂದು ಮುಖವೂ ಉಂಟು. ಬಸುರಿಗೆ ಪಪ್ಪಾಯಿ ಬೇಡ, ಬಾಣಂತಿಗೆ ನೀರು ಕಡಿಮೆ ಕೊಡಿ ಎಂಬ ಮಾತು ಕೇಳಿಯೇ ಅವಳೂ ಬೆಳೆದವಳು. ಮೆಂತೆ ಗಂಜಿ ಒಳ್ಳೆಯದೇ. ಆದರೆ ಸಕ್ಕರೆ ಕಾಯಿಲೆಯ ಬಸುರಿಗೆ ಅದರಲ್ಲಿ ಬೆಲ್ಲ ಎಷ್ಟು ಎಂದು ಒಂದೆರಡು ದಿನದ ತರಬೇತಿ ಪಡೆದವಳು ಹೇಳಲಾರಳು.

2017ರ ಮಾತೃಪೂರ್ಣದ ಅನುಭವವೂ ಇದೆ. ಬಸುರಿ, ಬಾಣಂತಿಯರು ದಿನವೂ ಅಂಗನವಾಡಿಗೆ ಬಂದು ಊಟ ಮಾಡಬೇಕೆಂಬ ಆ ಯೋಜನೆಗೆ ದೂರ, ಗುಡ್ಡದ ದಾರಿ, ಮಳೆಯಿಂದಾಗಿ ಈ ಜಿಲ್ಲೆಯಲ್ಲಿ ತೊಡಕಾಯಿತು. ಊಟಕ್ಕೇ ಬಾರದವರು ಪಾಠಕ್ಕೆ ಬಂದಾರೇ? ತರಗತಿಗೆ ತಿಂಗಳಿಗೊಮ್ಮೆ ಬರುವುದು ದಿನವೂ ಬಂದಂತಲ್ಲ ಎಂಬ ಉತ್ತರ ಸರಿಯೇ. ಆದರೆ ಬಂದವರೂ ಕಲಿತದ್ದನ್ನು ಮನೆಯಲ್ಲಿ ಮಾಡಬೇಕಲ್ಲ. ಸೊಸೆ ಕಲಿತರೂ ಸಾಮಾನು ತರುವವರು, ಏನು ಮಾಡಬೇಕೆಂದು ಹೇಳುವವರು ಬೇರೆ. ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದು ಒಂದೇ ಕೋಣೆಯಲ್ಲಿರುವ ಸಂಸಾರಕ್ಕೆ ಕೊರತೆಯಿರುವುದು ತಿಳಿವಳಿಕೆಯದಲ್ಲ, ಕಾಸಿನದು. ಜೋಳದ ರೊಟ್ಟಿ ತಿನ್ನುವವರ ಎದುರು ಪತ್ರೊಡೆ ಮಾಡಿ ತೋರಿಸಿದರೆ ಹೊಟ್ಟೆ ತುಂಬದು.

ಗಮನಿಸಿದರೆ, ಎರಡೂ ಕಡೆಯವರು ಹಿಡಿದಿರುವುದು ಕಾರ್ಯಕರ್ತೆಯ ಹತ್ತಿರದ ನಂಟನ್ನೇ. ಅದು ಬಾಗಿಲು ತೆರೆಸುತ್ತದೆ, ತಪ್ಪು ನಂಬಿಕೆಯನ್ನೂ ಒಳಗೆ ಬಿಡುತ್ತದೆ. ಹಾಗಾಗಿ ತರಬೇತಿ ಬೇಕು, ಆದರೆ ಗಡಿ ಗೊತ್ತಿರಬೇಕು. ಸೊಪ್ಪು, ಕಾಳು, ಮೀನಿನ ನಿತ್ಯದ ಅಡುಗೆ ಅವಳ ಪಾಲಿಗೆ. ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ ಲೇಡಿಗೋಷನ್, ವೆನ್ಲಾಕ್ ಆಸ್ಪತ್ರೆಗಳ ವೈದ್ಯರ ಪಾಲಿಗೆ. ಸ್ತ್ರೀಶಕ್ತಿ ಸ್ವಸಹಾಯ ಗುಂಪಿನ ಸಭೆಯ ದಿನವೇ ತರಗತಿ ಇಟ್ಟು ಅತ್ತೆಯಂದಿರನ್ನೂ ಕರೆಯಬಹುದು. ಗ್ಯಾಸ್, ಸಾಮಾನಿನ ದುಡ್ಡು ಮೊದಲೇ ಕೈ ಸೇರಬೇಕು, ಬೇರೊಂದು ಕೆಲಸ ಅವಳ ತಲೆಯಿಂದ ಇಳಿಯಬೇಕು. ಇವಿಷ್ಟೂ ಇಲ್ಲದೆ ತರಬೇತಿ ಮಾತ್ರ ಕೊಟ್ಟರೆ, ನಾಳೆ ರಕ್ತಹೀನತೆ ಇಳಿಯದ ತಪ್ಪೂ ಅವಳದೇ ಆಗುತ್ತದೆ.