ಅರಮನೆಗೆ ದಾರಿ ತೋರಿದ ಹೋಟೆಲ್ ಉದ್ಯಮಿ

ಹೈದರಾಬಾದಿನ ಚಾರ್‌ಮಿನಾರ್ ದಾಟಿ ದಕ್ಷಿಣಕ್ಕೆ ಸಾಗಿದರೆ ಗುಡ್ಡದ ಮೇಲೆ ಫಲಕ್‌ನುಮಾ ಅರಮನೆ ಕಾಣುತ್ತದೆ. ಆರನೇ ನಿಜಾಮರ ಸೋದರಿಯನ್ನು ಮದುವೆಯಾಗಿದ್ದ ವಿಕಾರ್-ಉಲ್-ಉಮ್ರಾ 1884ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿದರು. ಕಟ್ಟಿ ಮುಗಿಸುವಷ್ಟರಲ್ಲಿ ಅವರು ಸಾಲಕ್ಕೆ ಸಿಕ್ಕಿಬಿದ್ದರು, ಅರಮನೆ ನಿಜಾಮ್ ಮಹಬೂಬ್ ಅಲಿ ಖಾನರ ಕೈಸೇರಿತು. ಕಟ್ಟಿಸಿದವರಿಗೇ ಸಾಕಲಾಗದ ಮನೆ ಇದು. 1951ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಇಲ್ಲಿ ಅತಿಥಿಯಾಗಿದ್ದರು. ಆಮೇಲೆ ದಶಕಗಳ ಕಾಲ ಮುಚ್ಚಿಯೇ ಇದ್ದ ಬಾಗಿಲು ತೆರೆದದ್ದು 2010ರ ನವೆಂಬರಿನಲ್ಲಿ, ತಾಜ್ ಸಮೂಹದ ಹೋಟೆಲ್ ಆಗಿ.

ಹೀಗೆ ಅರಮನೆಯೊಂದು ಹೋಟೆಲ್ ಆಗಬಹುದೆಂಬುದು ಇಂದು ಯಾರಿಗೂ ಹೊಸದಲ್ಲ. ಐವತ್ತು ವರ್ಷಗಳ ಹಿಂದೆ ಅದನ್ನು ದೊಡ್ಡ ಉದ್ಯಮವಾಗಿ ನಡೆಸಬಹುದೆಂದು ನಂಬಿದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮುಖ್ಯರು ಆಗ ತಾಜ್ ಕಂಪನಿಯನ್ನು ಮುನ್ನಡೆಸುತ್ತಿದ್ದ ಅಜಿತ್ ಕೇರ್ಕರ್.

1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಮಾಜಿ ರಾಜರ ರಾಜಧನವನ್ನು ರದ್ದು ಮಾಡಿತು. ಸರ್ಕಾರ ವರ್ಷವರ್ಷ ಕೊಡುತ್ತಿದ್ದ ಹಣ ನಿಂತಿತು. ಆದರೆ ಸೋರುವ ಮಾಳಿಗೆ, ಗೆದ್ದಲು ಹಿಡಿದ ತೊಲೆ, ನೂರಾರು ಆಳುಕಾಳು, ತೆರಿಗೆ ಯಾವುದೂ ನಿಲ್ಲಲಿಲ್ಲ. ರಾಜಮನೆತನಗಳಿಗೆ ಅರಮನೆ ಎಂಬುದು ಮಾರಲು ಮನಸ್ಸು ಬಾರದ, ಇಟ್ಟುಕೊಳ್ಳಲು ಹಣ ಸಾಲದ ಆಸ್ತಿಯಾಯಿತು. ಅದೇ ವರ್ಷ ತಾಜ್ ಕಂಪನಿ ಉದಯಪುರದ ಲೇಕ್ ಪ್ಯಾಲೇಸನ್ನು ನಡೆಸಲು ವಹಿಸಿಕೊಂಡಿತು. ಮರುವರ್ಷ ಜೈಪುರದ ರಾಮ್‌ಬಾಗ್. ಈ ಎರಡು ಅರಮನೆಗಳನ್ನು ಅವುಗಳ ಒಡೆಯರು ಮೊದಲೇ ಹೋಟೆಲ್ ಮಾಡಿದ್ದರು. ಆದರೆ ರಾಜ್ಯವಾಳಿ ಗೊತ್ತಿದ್ದವರಿಗೆ ರೂಮು ತುಂಬಿಸುವ ಕಸುಬು ಗೊತ್ತಿರಬೇಕೆಂದೇನಿಲ್ಲ.

ಕೇರ್ಕರ್ ಹಿಡಿದ ದಾರಿ ಹೀಗೆ. ಅರಮನೆ ರಾಜಮನೆತನದ್ದೇ. ಕಂಪನಿ ಗುತ್ತಿಗೆ ಹಿಡಿಯುತ್ತದೆ ಇಲ್ಲವೇ ಆಡಳಿತ ವಹಿಸಿಕೊಳ್ಳುತ್ತದೆ. ಅಡುಗೆಯವರು, ಸಿಬ್ಬಂದಿ, ವಿದೇಶಿ ಪ್ರವಾಸಿಗರ ಬುಕಿಂಗ್ ಎಲ್ಲ ಅದರ ಹೊಣೆ. ಒಡೆಯರಿಗೆ ಆದಾಯ ಬರುತ್ತದೆ, ಆಸ್ತಿ ಕೈಬಿಡುವುದಿಲ್ಲ. ಕಂಪನಿಗೂ ಕೋಟಿಗಟ್ಟಲೆ ಸುರಿದು ಹೊಸ ಕಟ್ಟಡ ಎಬ್ಬಿಸುವ ಗೋಜಿಲ್ಲ. ಅಲ್ಲಿಯವರೆಗೆ ಮುಂಬೈ ಹೋಟೆಲ್ಲೇ ತಾಜ್‌ನ ಸರ್ವಸ್ವವಾಗಿತ್ತು. ಆಮೇಲೆ 1974ರಲ್ಲಿ ಗೋವಾದ ಫೋರ್ಟ್ ಅಗ್ವಾಡಾ ಬಂತು, 1980ರ ದಶಕದಲ್ಲಿ ಬೆಂಗಳೂರಿನ ವೆಸ್ಟ್ ಎಂಡ್ ಕೂಡ ಸೇರಿತು. ತಾಜ್‌ನ ಒಡೆತನದ ಟಾಟಾ ಸಮೂಹದ ನಾಯಕತ್ವದೊಂದಿಗೆ ಹೊಂದಿಕೆಯಾಗದೆ 1997ರಲ್ಲಿ ಕೇರ್ಕರ್ ಹೊರಬೀಳಬೇಕಾಯಿತು. ಆ ಹೊತ್ತಿಗೆ ಅವರು ಹಾಕಿಕೊಟ್ಟ ಪದ್ಧತಿ ದೇಶದ ತುಂಬ ಹಬ್ಬಿತ್ತು.

ಫಲಕ್‌ನುಮಾದ ಪುನರುಜ್ಜೀವನದ ಶ್ರೇಯಸ್ಸನ್ನು ಅವರೊಬ್ಬರಿಗೇ ಕಟ್ಟಲಾಗದು. ನಿಜಾಮರ ವಾರಸುದಾರ ಮುಕರ್ರಂ ಜಾ ಅವರ ಮೊದಲ ಪತ್ನಿ, ಟರ್ಕಿ ಮೂಲದ ರಾಜಕುಮಾರಿ ಎಸ್ರಾ, ಸುಮಾರು ಹತ್ತು ವರ್ಷ ಪಟ್ಟುಹಿಡಿದು ನಿಂತು ಅದನ್ನು ದುರಸ್ತಿ ಮಾಡಿಸಿದರು. ಊಟದ ಮನೆಯ ಮೇಜನ್ನೇ ನೋಡಿ. ಒಂದೇ ಪಂಕ್ತಿಗೆ 101 ಜನ ಕೂರುವ ಮೇಜು ಅದು. ಅಷ್ಟು ಜನರಿಗೆ ಬಿಸಿ ಆರದಂತೆ ಬಡಿಸಬೇಕಾದರೆ ಎಷ್ಟು ಪಳಗಿದ ಕೈಗಳು ಬೇಕು, ಒಂದು ಊಟಕ್ಕೆ ಎಷ್ಟು ತಟ್ಟೆ ತೊಳೆಯಬೇಕು, ಊಹಿಸಿಕೊಳ್ಳಿ. ಸಾವಿರಾರು ಪುಸ್ತಕಗಳ ಗ್ರಂಥಾಲಯಕ್ಕೆ ಇಂಗ್ಲೆಂಡಿನ ವಿಂಡ್ಸರ್ ಕೋಟೆಯದನ್ನು ನೋಡಿ ಮಾಡಿಸಿದ ಕೆತ್ತನೆಯ ಮರದ ಚಾವಣಿಯಿದೆ. ಇಷ್ಟೆಲ್ಲ ಸಾಕಲು ಬೇಕಾದ ಹಣವನ್ನು ಸುಮಾರು 60 ಕೋಣೆಗಳೇ ದುಡಿಯಬೇಕು. ಬಾಡಿಗೆ ನಮ್ಮ ನಿಮ್ಮಂಥವರ ಕೈಗೆಟುಕದಿರಲು ಇದೂ ಒಂದು ಕಾರಣ.

ಹೋಟೆಲ್ ಮಾಡಿದ ಮಾತ್ರಕ್ಕೆ ಅರಮನೆ ಉಳಿಯುತ್ತದೆಯೇ? ಉತ್ತರ ಅದೇ ಊರಿನಲ್ಲಿದೆ. ನೌಬತ್ ಪಹಾಡ್ ಬಳಿಯ ಹಿಲ್ ಫೋರ್ಟ್ ಅರಮನೆ 1955ರಿಂದ ರಿಟ್ಜ್ ಹೋಟೆಲ್ ಆಗಿತ್ತು. ಒಂದು ಕಾಲಕ್ಕೆ ನಗರದ ಗಣ್ಯರೆಲ್ಲ ಸೇರುತ್ತಿದ್ದ ಜಾಗ. 1990ರ ದಶಕದ ಕೊನೆಯ ವೇಳೆಗೆ ಹೋಟೆಲ್ ಮುಚ್ಚಿತು. ಸರ್ಕಾರದ ಸ್ವತ್ತಾಗಿದ್ದ ಕಟ್ಟಡ ವರ್ಷಗಟ್ಟಲೆ ಬೀಗದೊಳಗೆ ಶಿಥಿಲವಾಗುತ್ತ ಹೋಯಿತು, ಅದನ್ನು ಉಳಿಸಿ ಎಂಬ ಮೊರೆ ಹೈಕೋರ್ಟಿನವರೆಗೂ ಹೋಯಿತು. ಫಲಕ್‌ನುಮಾಕ್ಕೆ ಎಸ್ರಾ ಅವರಂಥ ಹಟದ ಒಡತಿ ಇದ್ದರು, ದೀರ್ಘಾವಧಿಯ ಗುತ್ತಿಗೆ ಇತ್ತು, ಕಾಯುವ ಬಂಡವಾಳ ಇತ್ತು. ಈ ಮೂರರಲ್ಲಿ ಒಂದು ತಪ್ಪಿದರೂ ಕೇರ್ಕರ್ ಅವರ ಸೂತ್ರ ಕುಂಟುತ್ತದೆ ಎಂದೇ ನನ್ನ ಅಂದಾಜು.

ಇನ್ನೊಂದು ಆಕ್ಷೇಪವೂ ಇದೆ, ಅದು ನ್ಯಾಯವಾದದ್ದೇ. ರಾಯಚೂರು, ಕಲಬುರಗಿ, ಬೀದರಿನ ರೈತರ ಕಂದಾಯವೂ ನಿಜಾಮರ ಬೊಕ್ಕಸ ಸೇರಿತ್ತು. ಆ ರೈತರ ಮೊಮ್ಮಕ್ಕಳು ಇಂದು ಫಲಕ್‌ನುಮಾ ನೋಡಬೇಕಾದರೆ ಮೊದಲೇ ದುಡ್ಡು ಕಟ್ಟಿ ಜಾಗ ಕಾದಿರಿಸಬೇಕು. ಆದರೆ ಎಸ್ರಾ ಅವರೇ ದುರಸ್ತಿ ಮಾಡಿಸಿದ ಚೌಮಹಲ್ಲಾ ಅರಮನೆ 2005ರಿಂದ ಟಿಕೆಟ್ ಪಡೆದವರಿಗೆಲ್ಲ ತೆರೆದಿದೆ. ಗುತ್ತಿಗೆ ಬರೆಯುವಾಗಲೇ ವಾರಕ್ಕೊಂದು ದಿನವಾದರೂ ಶಾಲಾ ಮಕ್ಕಳಿಗೆ ಪ್ರವೇಶ ಎಂಬ ಷರತ್ತು ಸೇರಿಸಲು ಏನೂ ಅಡ್ಡಿಯಿಲ್ಲ. ಮುಂದೆ ಹಿಲ್ ಫೋರ್ಟನ್ನು ಯಾರಿಗೆ ವಹಿಸಿದರೂ ತೆಲಂಗಾಣ ಸರ್ಕಾರ ಇದನ್ನು ಬರೆಸಿಕೊಳ್ಳಬೇಕು.